ಜೋಡಿ ಬಾಳೆಹಣ್ಣಿನ ಬಿಡ್

ನಮ್ಮ ಪದ್ಧತಿಯಲ್ಲಿ ಒಂದು ಕಳಾವರ್ ಎಂದರೆ ಅತ್ತೆ. ಅತ್ತೆ ಬಾಯಿ ಬಿಟ್ಟ ಮೇಲೆ ಸೊಸೆ ಸುಮ್ಮನಿರುವಂತಿಲ್ಲ, ಏನಾದರೊಂದು ಉತ್ತರ ಕೊಡಲೇಬೇಕು. ಅದಕ್ಕೇ ಆ ಹೆಸರು. ಹೆಸರಿಟ್ಟವರು ನನ್ನ ಗಂಡ, ಅದೂ ಅವರ ತಾಯಿ ಅಮೆರಿಕದ ನಮ್ಮ ನ್ಯೂಕ್ಯಾಸಲ್ ಮನೆಗೆ ಬಂದು ಇದ್ದಾಗ, ಅವರ ಎದುರಿಗೇ. ಅತ್ತೆಗೆ ಬ್ರಿಡ್ಜ್ ಆಟ ಗೊತ್ತಿರಲಿಲ್ಲವಾದ್ದರಿಂದ ನಾನು ಬಚಾವಾದೆ.

ಬ್ರಿಡ್ಜ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ನಾಲ್ಕು ಜನ ಕೂರುತ್ತಾರೆ. ಎದುರುಬದುರು ಕೂತವರು ಜೊತೆಗಾರರು. ಎಲೆ ಆಡುವ ಮೊದಲು ಹರಾಜಿನ ಹಾಗೆ ಬಿಡ್ ನಡೆಯುತ್ತದೆ. ಬಿಡ್ ಎಂದರೆ ಒಂದು ಅಂಕಿ, ಒಂದು ಬಣ್ಣ: ಒಂದು ಕಳಾವರ್, ಎರಡು ಡೈಮಂಡ್, ಹೀಗೆ. ಅಷ್ಟರಲ್ಲೇ ನನ್ನ ಕೈಯಲ್ಲಿ ಏನೇನಿದೆ ಎಂದು ಜೊತೆಗಾರನಿಗೆ ತಿಳಿಸಬೇಕು. ಉಳಿದವರೆಲ್ಲ ಪಾಸ್ ಎಂದ ಮೇಲೆ ನಿಂತ ಬಿಡ್ಡೇ ಕಾಂಟ್ರ್ಯಾಕ್ಟ್, ಇಟ್ಟವರು ಆ ಬಣ್ಣದಲ್ಲೇ ಆಡಿ ಗೆಲ್ಲಬೇಕು. ಕ್ಲಬ್ಬಿನಲ್ಲಿ ಬಿಡ್ಡನ್ನು ಬಾಯಿಂದ ಹೇಳುವುದೂ ಇಲ್ಲ. ಪ್ರತಿಯೊಬ್ಬರ ಪಕ್ಕದಲ್ಲಿ ಬಿಡ್ ಕಾರ್ಡುಗಳ ಒಂದು ಡಬ್ಬಿ ಇರುತ್ತದೆ, ಬೇಕಾದ ಕಾರ್ಡನ್ನು ಎತ್ತಿ ಮೇಜಿನ ಮೇಲಿಡುತ್ತೇವೆ. ಯಾವ ಬಿಡ್‌ಗೆ ಯಾವ ಅರ್ಥ ಎಂಬುದಕ್ಕೆ ಇಲ್ಲೆಲ್ಲ ಚಾಲ್ತಿಯಲ್ಲಿರುವ ಒಂದು ಸ್ಟ್ಯಾಂಡರ್ಡ್ ಪದ್ಧತಿ ಇದೆ. ಅದು ಬೇಡವೆಂದರೆ ನಿಮ್ಮದೇ ಅರ್ಥಗಳನ್ನು ಕಟ್ಟಿಕೊಳ್ಳಬಹುದು. ಆದರೆ ಗುಟ್ಟು ಮಾಡುವಂತಿಲ್ಲ. ನಾನು ವಿಶೇಷ ಅರ್ಥದ ಬಿಡ್ ಇಟ್ಟರೆ ನನ್ನ ಜೊತೆಗಾರ "ಅಲರ್ಟ್" ಎಂದು ಎಚ್ಚರಿಸಬೇಕು, ಎದುರಾಳಿ ಕೇಳಿದರೆ ಅರ್ಥ ಬಿಡಿಸಿ ಹೇಳಬೇಕು. ಹೇಳಬೇಕಾದವನು ಜೊತೆಗಾರ, ಬಿಡ್ ಇಟ್ಟ ನಾನಲ್ಲ; ನಾನೇ ಹೇಳಿದರೆ ಜೊತೆಗಾರನಿಗೂ ಸುಳಿವು ಕೊಟ್ಟಂತಾಗುತ್ತದೆ. ಅವನು ತಪ್ಪು ಹೇಳಿದರೂ ಆಗ ನಾನು ಕಿವುಡಿಯ ಹಾಗೆ ಕೂತಿರಬೇಕು. ಈ ಒಂದು ನಿಯಮ ಮುಂದೆ ನಮ್ಮಿಬ್ಬರ ಕುತ್ತಿಗೆಗೆ ಬಂತು.

ನನ್ನ ಗಂಡ ಎವರೆಟ್‌ನಲ್ಲಿ ವಿಮಾನ ಜೋಡಿಸುವ ಕಾರ್ಖಾನೆಯ ಎಂಜಿನಿಯರ್. ನಾನು ಟಕ್ವಿಲಾದ ಒಂದು ಗೋದಾಮಿನ ಆಫೀಸಿನಲ್ಲಿ ಯಾವ ಲಾರಿ ಯಾವಾಗ ಹೊರಡಬೇಕೆಂದು ನೋಡಿಕೊಳ್ಳುವವಳು. ಬೆಳಗಾದರೆ ಒಬ್ಬರು ಆ ದಿಕ್ಕಿಗೆ, ಒಬ್ಬರು ಈ ದಿಕ್ಕಿಗೆ. ವಾರವೆಲ್ಲ ನಾವು ಆಡುತ್ತಿದ್ದ ಮಾತು ಹಾಲು ಇದೆಯೇ, ಕಾರಿಗೆ ಪೆಟ್ರೋಲ್ ಇದೆಯೇ ಎಂಬಷ್ಟೇ. ಶನಿವಾರ ಮಧ್ಯಾಹ್ನ ಮಾತ್ರ ಕ್ಲಬ್ಬಿನ ಮೇಜಿನ ಎದುರುಬದುರು ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ನಿವೃತ್ತ ಅಮೆರಿಕನ್ನರು. ನಮ್ಮ ಕನ್ನಡದ ಸ್ನೇಹಿತರಿಗೆ ಇಸ್ಪೀಟೆಂದರೆ ದೀಪಾವಳಿಯ ರಮ್ಮಿ. ವಾರವಾರ ಕಾರು ಹತ್ತಿ ಹೋಗಿ ಇಸ್ಪೀಟು ಆಡುತ್ತೇವೆಂದರೆ ನಮ್ಮ ಬಗ್ಗೆ ಸ್ವಲ್ಪ ಅನುಮಾನವೇ.

ಪದ್ಧತಿ ಹುಟ್ಟಿದ್ದು ಹೀಗೇ ಎಂದು ಹೇಳಲಾರೆ. ಪಾತ್ರೆ ತೊಳೆಯುವಾಗ ಒಂದು, ಅಂಗಡಿಯಲ್ಲಿ ಕ್ಯೂ ನಿಂತಾಗ ಒಂದು, ಹೀಗೆ ಅವರು ಬಿಡ್‌ಗಳಿಗೆ ಹೊಸ ಅರ್ಥ ಹಚ್ಚುತ್ತ ಹೋದರು. ಒಂದು ಕಳಾವರ್ ಅತ್ತೆ ಎಂದರೆ ಕೈ ತುಂಬ ಎಕ್ಕ, ರಾಜಗಳಿವೆ ಎಂದರ್ಥ. ಕಳಾವರ್ ಇರಬೇಕೆಂದೇನೂ ಇಲ್ಲ. ಎರಡು ಡೈಮಂಡ್ ಎಂದರೆ ಜೋಡಿ ಬಾಳೆಹಣ್ಣು. ಡೈಮಂಡ್‌ಗೂ ಅದಕ್ಕೂ ಸಂಬಂಧವಿಲ್ಲ: ನನ್ನ ಹತ್ತಿರ ಆಟಿನ್ನೂ ಇಸ್ಪೀಟೂ ಎರಡು ಬಣ್ಣವೂ ಐದೈದು ಎಲೆ, ಅಂಟಿಕೊಂಡು ಉದ್ದಕ್ಕೆ ಬಂದಿವೆ, ನಿನಗೆ ಯಾವುದು ಹೊಂದುತ್ತದೋ ಅದನ್ನು ಆರಿಸಿಕೋ ಎಂದರ್ಥ. ಸ್ಟ್ಯಾಂಡರ್ಡ್‌ನಲ್ಲಿ ಅದೇ ಬಿಡ್‌ಗೆ ಸೀದಾ ಅರ್ಥ: ಆರು ಡೈಮಂಡ್ ಇವೆ, ಬೇರೆ ದೊಡ್ಡದೇನಿಲ್ಲ.

ನಾನು ಮೊದಲಿನಿಂದಲೂ ಒಳಗೊಳಗೇ ಸ್ಟ್ಯಾಂಡರ್ಡ್ ಕಡೆಯವಳು. ಗೋದಾಮಿನಲ್ಲಿ ಪೆಟ್ಟಿಗೆಯ ಮೇಲೆ ನನಗೆ ಮಾತ್ರ ಅರ್ಥವಾಗುವ ಗುರುತು ಹಾಕಿಟ್ಟರೆ ನಾನು ರಜೆ ಹಾಕಿದ ದಿನ ಲಾರಿ ಹೊರಡುವುದಿಲ್ಲ. ಸ್ಟ್ಯಾಂಡರ್ಡ್ ಆಡಿದರೆ ಯಾರ ಎದುರು ಬೇಕಾದರೂ ಕೂರಬಹುದು. ಮರೆಯುವ ಭಯ ಕಡಿಮೆ. ಎದುರಾಳಿಗಳು ನಿಟ್ಟುಸಿರು ಬಿಡುವುದಿಲ್ಲ. ಒಂದು ಸಲ ನಾನು ಅವರ ಅತ್ತೆಯನ್ನು ನಿಜವಾದ ಕಳಾವರ್ ಎಂದುಕೊಂಡು ಸುಮ್ಮನೆ ಪಾಸ್ ಮಾಡಿಬಿಟ್ಟೆ. ಕಳಾವರೇ ಇಲ್ಲದ ಕೈಯಲ್ಲಿ ಅವರು ಕಳಾವರ್ ಆಡಿ ಮಣ್ಣುಮುಕ್ಕಿದರು. ಅವತ್ತು ಬೆಲ್ವ್ಯೂ ದಾಟಿ ಮನೆ ಸೇರುವವರೆಗೂ ಪಾಠ. ನನ್ನ ಮಾತಿಗೆಲ್ಲ ಅವರದೊಂದೇ ಉತ್ತರವಿತ್ತು.

"ಊರೆಲ್ಲ ಆಡೋ ಮಾತನ್ನೇ ನಾವೂ ಆಡೋದಾದ್ರೆ ನಾವಿಬ್ಬರೇ ಎದುರುಬದುರು ಯಾಕೆ ಕೂತ್ಕೋಬೇಕು ಹೇಳು. ಯಾರಾದ್ರೂ ಕೂತ್ಕೋಬಹುದು."

ಅದರಲ್ಲಿ ನ್ಯಾಯವಿತ್ತು ಎಂದು ಒಪ್ಪುತ್ತೇನೆ. ಸ್ಟ್ಯಾಂಡರ್ಡ್‌ನಲ್ಲಿ ಮೂರು ಬಿಡ್ ಇಟ್ಟು ಹೇಳುವುದನ್ನು ಜೋಡಿ ಬಾಳೆಹಣ್ಣು ಒಂದೇ ಏಟಿಗೆ ಹೇಳಿಬಿಡುತ್ತಿತ್ತು. ಅವರು ಅದನ್ನಿಟ್ಟು ನನ್ನ ಕಡೆ ನೋಡದೆ ಚಾವಣಿ ನೋಡುತ್ತಿದ್ದರು, ನಾನು "ಅಲರ್ಟ್" ಎನ್ನುತ್ತಿದ್ದೆ, ಎದುರಾಳಿಗೆ ವಿವರಿಸುತ್ತಿದ್ದೆ, ಎದುರಾಳಿ ರೂಢಿಯಂತೆ ಥ್ಯಾಂಕ್ ಯೂ ಎನ್ನುತ್ತಿದ್ದರು. ಆ ಮೇಜಿನಲ್ಲಿ ನಾವು ಬಾಯಿ ಬಿಡದೆ ಎಷ್ಟೊಂದು ಮಾತಾಡುತ್ತಿದ್ದೆವು. ಮನೆಯಲ್ಲಿ ಅಷ್ಟು ಮಾತು ನಮಗೆ ಎಂದೂ ಬರಲಿಲ್ಲ.

ಹದಿನಾಲ್ಕನೇ ಇಸವಿಯ ಬೇಸಿಗೆಯ ಕೊನೆಯಲ್ಲಿ ಅವರಿಗೆ ಕೆಲಸದ ಜಾಗದಲ್ಲೇ ಸ್ಟ್ರೋಕ್ ಆಯಿತು. ನಾನು ಟಕ್ವಿಲಾದಿಂದ ಹೊರಟು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಜೀವಕ್ಕೆ ಅಪಾಯವಿಲ್ಲ ಎಂದಿದ್ದರು. ಬಲಗೈ, ಬಲಗಾಲು ಸೋತಿದ್ದವು. ಮಾತು ಹೋಗಿತ್ತು. ಬುದ್ಧಿ ಹೋಗಿಲ್ಲ, ಪದಗಳು ಮಾತ್ರ ಸಿಗುತ್ತಿಲ್ಲ, ಅದನ್ನು ಅಫೇಸಿಯಾ ಎನ್ನುತ್ತಾರೆ ಎಂದು ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಹುಡುಗಿ ವಿವರಿಸಿದಳು. ಬರೆಯಲೂ ಆಗುವುದಿಲ್ಲ, ಯಾಕೆಂದರೆ ಬರೆಯುವುದಕ್ಕೂ ಅವೇ ಪದಗಳು ಬೇಕು. ತಲೆಯಾಡಿಸುವುದನ್ನೂ ಪೂರ್ತಿ ನಂಬಬೇಡಿ, ಹೌದು ಅಲ್ಲ ಎರಡೂ ಅದಲುಬದಲಾಗುತ್ತವೆ ಎಂದೂ ಹೇಳಿದ್ದಳು. ಅದು ನಿಜವಾಗಿತ್ತು. ಕಾಫಿ ಬೇಕೇ ಎಂದರೆ ಹೌದೆಂದು ತಲೆಯಾಡಿಸಿ, ತಂದಿಟ್ಟರೆ ಲೋಟವನ್ನು ದೂರ ತಳ್ಳುತ್ತಿದ್ದರು. ಬೇಡವೆಂದು ತಲೆಯಾಡಿಸಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ನಾನು ಯಾವುದನ್ನು ನಂಬಲಿ?

ಒಂದು ಮಾತ್ರ ಅವರ ನಾಲಿಗೆಯಲ್ಲಿ ಉಳಿದಿತ್ತು. ಮಗ್ಗಿ. ಸ್ನಾನ ಮಾಡಿಸುವಾಗ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು" ಎಂದು ಶುರು ಮಾಡಿ, ಪ್ರೈಮರಿ ಸ್ಕೂಲಿನ ರಾಗದಲ್ಲಿ ಎರಡು ಹತ್ಲ ಇಪ್ಪತ್ತರವರೆಗೂ ತಡೆಯಿಲ್ಲದೆ ಹೇಳಿ ಮುಗಿಸಿದರು. ನಾನು ಚೊಂಬು ಕೆಳಗಿಟ್ಟು ಅತ್ತುಬಿಟ್ಟೆ, ಮಾತು ಬಂತೆಂದುಕೊಂಡೆ. ನೀರು ಬಿಸಿಯಾಗಿದೆಯೇ ಎಂದು ಕೇಳಿದೆ. ಬಾಯಿ ತೆರೆದರು, ಏನೂ ಬರಲಿಲ್ಲ. ಬಾಯಿಪಾಠ ಬೇರೆ, ಮಾತು ಬೇರೆ, ಬಾಯಿಪಾಠ ಸರಮಾಲೆಯ ಹಾಗೆ ಒಟ್ಟಿಗೆ ಬರುತ್ತದೆ ಎಂದು ಥೆರಪಿಸ್ಟ್ ಹೇಳಿದಳು.

ಚಳಿಗಾಲದಲ್ಲಿ ಅವರ ಮುಂದೆ ಇಸ್ಪೀಟು ಎಲೆ ಹಾಕಿದವಳು ಮಗಳು. ಕಾಲೇಜಿಂದ ರಜೆಗೆ ಬಂದಿದ್ದಳು. ಚಿಕ್ಕಂದಿನಲ್ಲಿ ಅವಳು ಅಕ್ಷರ ಜೋಡಿಸಿ ಆಡುತ್ತಿದ್ದ ಆಟದ ಮರದ ಪಟ್ಟಿಯನ್ನು ಹುಡುಕಿ ತಂದು, ಅದರಲ್ಲಿ ಅಪ್ಪನ ಎಲೆಗಳನ್ನು ನಿಲ್ಲಿಸಿದಳು. ಅವರು ಎಡಗೈಯಲ್ಲಿ ಎಲೆಗಳನ್ನು ಬಣ್ಣ ಬಣ್ಣ ಬೇರೆ ಮಾಡಿ, ದೊಡ್ಡದರಿಂದ ಸಣ್ಣದಕ್ಕೆ ಇಳಿಸಿ ಜೋಡಿಸಿಕೊಂಡರು. ನಾನು ಒಂದು ಕಳಾವರ್ ಇಟ್ಟೆ. ಅವರು ಮನೆಯಲ್ಲಿದ್ದ ಬಿಡ್ ಕಾರ್ಡುಗಳ ಡಬ್ಬಿಯ ಮೇಲೆ ಬೆರಳಾಡಿಸಿ, ಅತ್ತೆಗೆ ಕೊಡಬೇಕಾದ ಉತ್ತರವನ್ನೇ ಹೆಕ್ಕಿ ಮೇಜಿನ ಮೇಲಿಟ್ಟು ಚಾವಣಿ ನೋಡಿದರು. ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಎಲ್ಲವೂ ಸರಿ. ನಾವೇ ಕಟ್ಟಿದ ಆ ಅರೆಹುಚ್ಚು ಪದ್ಧತಿ ಅವರೊಳಗೆ ಹಾಗೇ ಇತ್ತು. ಕಾಫಿ ಬೇಕೋ ಬೇಡವೋ ಹೇಳಲಾರದ ಮನುಷ್ಯ ತನ್ನ ಹತ್ತಿರ ಇಸ್ಪೀಟಿನ ರಾಜ ಇದೆ, ಎಕ್ಕ ಇಲ್ಲ ಎಂದು ನನಗೆ ಸ್ಪಷ್ಟವಾಗಿ ಹೇಳಿದರು.

ಮಗಳು "ಮಾಮ್, ಹೀ ಈಸ್ ಟಾಕಿಂಗ್ ಟು ಯು" ಎಂದಳು. ನನಗೂ ಹಾಗೇ ಅನ್ನಿಸಿತ್ತು.

ಕ್ಲಬ್ಬಿಗೆ ಮರಳಿದ ಶನಿವಾರ ಎಲ್ಲರೂ ಎದ್ದು ಬಂದು ಅವರ ಭುಜ ಮುಟ್ಟಿದರು. ಕೇಕ್ ಇತ್ತು. ಆಟ ಶುರುವಾಯಿತು. ನಾನು ಒಂದು ಕಳಾವರ್ ಇಟ್ಟೆ. ಅವರು ಅಲರ್ಟ್ ಎನ್ನಬೇಕಿತ್ತು. ಅದಕ್ಕೊಂದು ನೀಲಿ ಕಾರ್ಡ್ ಇರುತ್ತದೆ, ತಟ್ಟಿ ತೋರಿಸಿದರು. ಎದುರಾಳಿ ಎಂದಿನಂತೆ ಅರ್ಥ ಕೇಳಿದರು. ನನ್ನ ಗಂಡ ಬಾಯಿ ತೆರೆದರು. ಕತ್ತಿನ ನರ ಉಬ್ಬಿತು. ಅರ್ಥ ಅವರಿಗೆ ಗೊತ್ತು, ಕಟ್ಟಿದವರೇ ಅವರು. ನನಗೂ ಗೊತ್ತು. ಆದರೆ ಅದು ನನ್ನ ಬಿಡ್, ವಿವರಿಸುವ ಹಕ್ಕು ನನಗಿಲ್ಲ. ಎಲ್ಲರೂ ಕಾಯುತ್ತಿದ್ದರು. ನಾನು ತಲೆ ತಗ್ಗಿಸಿ ನನ್ನ ಎಲೆಗಳನ್ನು ನೋಡುತ್ತ ಕೂತೆ, ಅವುಗಳಲ್ಲಿ ಏನಿತ್ತೋ ಇವತ್ತಿಗೂ ನೆನಪಿಲ್ಲ.

ಡೈರೆಕ್ಟರ್, ಅಂದರೆ ಆಟದ ತೀರ್ಪುಗಾರ, ಒಬ್ಬ ನಿವೃತ್ತ ಸ್ಕೂಲ್ ಮಾಸ್ತರು, ತುಂಬ ಒಳ್ಳೆಯ ಮನುಷ್ಯ. ನಿಯಮಪುಸ್ತಕ ತಿರುವಿ ಒಂದು ದಾರಿ ಹುಡುಕಿದರು. ನನ್ನ ಬಿಡ್‌ನ ಅರ್ಥ ಯಾರಾದರೂ ಕೇಳಿದರೆ ನನ್ನ ಗಂಡ ಎದ್ದು ಮೇಜಿನಿಂದ ದೂರ ಹೋಗುವುದು. ಅವರಿಗೆ ಕೇಳಿಸದಂತೆ ನಾನು ವಿವರಿಸುವುದು. ಆಮೇಲೆ ಅವರು ಮರಳಿ ಬರುವುದು. ಅರ್ಥಗಳನ್ನೆಲ್ಲ ಅಚ್ಚು ಹಾಕಿಸಿ ತರುತ್ತೇನೆ, ಅವರು ಬೆರಳಿಟ್ಟು ತೋರಿಸಲಿ ಎಂದು ನಾನು ಕೇಳಿದೆ. ಆಟದ ನಡುವೆ ತಮ್ಮದೇ ಪದ್ಧತಿಯನ್ನು ನೋಡಿಕೊಂಡು ಆಡಿದಂತಾಗುತ್ತದೆ, ಅದಕ್ಕೆ ಅವಕಾಶವಿಲ್ಲ ಎಂದು ಡೈರೆಕ್ಟರ್ ನಿಜವಾದ ನೋವಿನಿಂದ ಹೇಳಿದರು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಎಲ್ಲರೂ ಒಳ್ಳೆಯವರೇ ಆಗಿಬಿಟ್ಟಾಗ ಜಗಳಕ್ಕೂ ಗತಿಯಿಲ್ಲ.

ಹಾಗೇ ಕೆಲವು ವಾರ ಆಡಿದೆವು. ಅತ್ತೆ ಬಂದಾಗಲೆಲ್ಲ ನನ್ನ ಗಂಡ ಕೋಲು ಹುಡುಕಿ, ಮೇಜು ಹಿಡಿದು ಏಳುತ್ತಿದ್ದರು, ಕಾಲೆಳೆಯುತ್ತ ಕಾಫಿ ಮೆಷೀನಿನ ಹತ್ತಿರ ಹೋಗಿ ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಕ್ಲಾಸಿನಿಂದ ಹೊರಗೆ ಹಾಕಿದ ಹುಡುಗನ ಹಾಗೆ. ನಾನು ಅವಸರವಸರವಾಗಿ ವಿವರಿಸುತ್ತಿದ್ದೆ. ಅವರು ತಿರುಗಿ ಬಂದು ಕೂತು ಉಸಿರು ಸುಧಾರಿಸಿಕೊಳ್ಳುವಷ್ಟರಲ್ಲಿ ನನ್ನ ಇನ್ನೊಂದು ಬಿಡ್, ಇನ್ನೊಂದು ಅಲರ್ಟ್. ಅವರನ್ನು ಎಬ್ಬಿಸಬಾರದೆಂದು ನಾನು ಒಳ್ಳೆಯ ಕೈ ಬಂದಾಗಲೂ ಪಾಸ್ ಮಾಡತೊಡಗಿದೆ. ಅವರಿಗೆ ಅದು ತಿಳಿದುಹೋಯಿತು. ಬೇಡವೆನ್ನುವಂತೆ ಎಡಗೈಯಿಂದ ಮೇಜು ಕುಟ್ಟಿದರು. ಒಂದು ಸಲ ನಾನು ವಿವರಿಸಿ ಮುಗಿಸಿದ ಮೇಲೆ ಎದುರಾಳಿಗಳಿಬ್ಬರೂ ಅವರ ಆರೋಗ್ಯ ವಿಚಾರಿಸತೊಡಗಿದರು. ಅವರನ್ನು ಕರೆಯುವುದನ್ನು ಎಲ್ಲರೂ ಮರೆತೆವು. ತಲೆಯೆತ್ತಿ ನೋಡುತ್ತೇನೆ, ಗೋಡೆ ಕಡೆ ಮುಖ ಮಾಡಿ ಇನ್ನೂ ನಿಂತಿದ್ದಾರೆ. ಕರೆಯದೆ ತಿರುಗುವಂತಿಲ್ಲವಲ್ಲ.

ಅವತ್ತು ಮನೆಗೆ ಬಂದು, ಇನ್ನು ಸ್ಟ್ಯಾಂಡರ್ಡ್ ಆಡೋಣ ಎಂದೆ. ಅದರಲ್ಲಿ ಅಲರ್ಟ್ ಅಪರೂಪ, ಏಳುವ ಕೆಲಸವಿಲ್ಲ, ಎಲ್ಲರ ಹಾಗೆ ಕೂತು ಆಡಬಹುದು ಎಂದು ಲಾಯರ್ ತರಹ ವಾದಿಸಿದೆ. ನಮ್ಮ ಪದ್ಧತಿಯನ್ನು ಬಿಟ್ಟರೆ ಅವರಿಗೆ ನನ್ನೊಡನೆ ಮಾತಿಗೆ ಉಳಿದಿದ್ದ ದಾರಿಯೂ ಹೋಗುತ್ತದೆ. ಬಿಡದಿದ್ದರೆ ಮೇಜೇ ಹೋಗುತ್ತದೆ. ಯಾವುದು ಹೆಚ್ಚು ಎಂದು ತೂಗಲು ನನಗೆ ತಿಳಿಯಲಿಲ್ಲ. ನಾನು ಮೇಜನ್ನು ಉಳಿಸಿಕೊಂಡೆ. ಅವರು ಡಬ್ಬಿಯಿಂದ ಹಸಿರು ಕಾರ್ಡೊಂದನ್ನು ಎಳೆದು ನನ್ನ ಮುಂದಿಟ್ಟರು. ಪಾಸ್. ಪಾಸ್ ಎಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ, ಸದ್ಯಕ್ಕೆ ನನ್ನದೇನೂ ಇಲ್ಲ ಎಂದಷ್ಟೇ.

ಸ್ಟ್ಯಾಂಡರ್ಡ್‌ನಲ್ಲೂ ಒಂದು ಕಂಟಕವಿತ್ತು. ಎಲ್ಲ ಬಣ್ಣವೂ ಹದವಾಗಿ ಹಂಚಿಕೊಂಡ ಕೈ ಬಂದರೆ ಒನ್ ನೋಟ್ರಂಪ್ ಎಂಬ ಬಿಡ್ ಇಡುತ್ತಾರೆ. ಆಗ ಇಟ್ಟವರ ಕೈಯ ಬೆಲೆ ಎಷ್ಟು ಅಂಕವೆಂದು ಜೊತೆಗಾರ ಬಾಯಿ ಬಿಟ್ಟು ಹೇಳಬೇಕು: "ಫಿಫ್ಟೀನ್ ಟು ಸೆವೆಂಟೀನ್." ಅಷ್ಟೇ, ಆದರೆ ಹೇಳಲೇಬೇಕು. ಇದಕ್ಕೂ ವಿನಾಯಿತಿ ಕೇಳಬಹುದಿತ್ತು. ಕೇಳಲು ನನಗೆ ಮನಸ್ಸಾಗಲಿಲ್ಲ. ಆಗ ಹೊಳೆದದ್ದು ಮಗ್ಗಿ. ಮಾತಾಗಿ ಬಾರದ್ದು ಮಗ್ಗಿಯಾಗಿ ಬರಬಹುದಲ್ಲ? ನಾನು ಅವರ ಎಡಗೈ ಹಿಡಿದು ಮೇಜಿನ ಮೇಲೆ ತಾಳ ತಟ್ಟಿಸುತ್ತ, ಎರಡೊಂದ್ಲ ಎರಡರ ರಾಗದಲ್ಲಿ, ಫಿಫ್ಟೀನ್ ಟು ಸೆವೆಂಟೀನ್, ಫಿಫ್ಟೀನ್ ಟು ಸೆವೆಂಟೀನ್ ಎಂದು ಹೇಳಿಕೊಟ್ಟೆ. ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ, ದೋಸೆ ಹಾಕುವಾಗ, ಸಾರಿಗೆ ಒಗ್ಗರಣೆ ಹಾಕುವಾಗ. ಚಳಿ ಕಳೆಯಿತು. ಅಂಗಳದ ಚೆರ್ರಿ ಗಿಡ ಹೂಬಿಟ್ಟ ಹೊತ್ತಿಗೆ ಒಂದು ದಿನ ತಾಳ ತಟ್ಟಿ ತಾವೇ ಹೇಳಿದರು. ಪೂರ್ತಿ, ಸ್ಪಷ್ಟವಾಗಿ, ಮೈಸೂರಿನ ಇಂಗ್ಲಿಷ್‌ನಲ್ಲಿ.

ಕ್ಲಬ್ಬಿನಲ್ಲಿ ಮೊದಲ ಸಲ ಅವರು ಅದನ್ನು ಹೇಳಿದಾಗ ಎದುರಾಳಿ ಹೆಂಗಸು ಎಂದಿನಂತೆ ಥ್ಯಾಂಕ್ ಯೂ ಎಂದರು, ಏನೂ ವಿಶೇಷ ನಡೆದಿಲ್ಲವೆಂಬಂತೆ. ನನ್ನ ಗಂಡನ ಮುಖ ನೋಡಬೇಕಿತ್ತು. ಸ್ಟ್ರೋಕ್ ಆದ ಮೇಲೆ ಅವರ ಮಾತು ಕೇಳಿ ಯಾರೋ ಮಾಮೂಲಿಯಾಗಿ ಉತ್ತರ ಕೊಟ್ಟದ್ದು ಅದೇ ಮೊದಲು. ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಆಮೇಲೆ ಶುರುವಾದದ್ದನ್ನು ನಾನು ಊಹಿಸಿರಲಿಲ್ಲ. ಬಾಯಿಗೆ ಬರುವ ವಾಕ್ಯ ಅದೊಂದೇ ಆದ್ದರಿಂದ ಎಲ್ಲದಕ್ಕೂ ಅದೇ ಬರತೊಡಗಿತು. ಸಾರಿಗೆ ಉಪ್ಪು ಸರಿ ಇದೆಯಾ ಎಂದರೆ ಫಿಫ್ಟೀನ್ ಟು ಸೆವೆಂಟೀನ್. ಕನ್ನಡದವರ ಯುಗಾದಿ ಊಟದಲ್ಲಿ ಹಳೆಯ ಸ್ನೇಹಿತರೊಬ್ಬರು "ಹೇಗಿದೀರಿ ಸಾರ್, ಎಲ್ಲಾ ಆರಾಮಾ" ಎಂದದ್ದಕ್ಕೂ ಅದೇ. ಸ್ನೇಹಿತರು ರಕ್ತದೊತ್ತಡದ ಲೆಕ್ಕವೆಂದುಕೊಂಡು ಗಾಬರಿಯಾದರು. ನಾವು ನಕ್ಕೆವು, ನನ್ನ ಗಂಡ ಎಲ್ಲರಿಗಿಂತ ಜೋರಾಗಿ ನಕ್ಕರು. ಆದರೆ ಬೇರೆ ಪದ ಬಾಯಿಯವರೆಗೆ ಬಂದದ್ದು ಅವರ ಮುಖದಲ್ಲಿ ಕಾಣುತ್ತಿತ್ತು. ಹೊರಬೀಳುವಾಗ ಅದು ಇದಾಗುತ್ತಿತ್ತು. ಹೀಗೆ ಒಂದೇ ಮಾತು ಅಂಟಿಕೊಳ್ಳುವುದುಂಟು, ಸಡಿಲವಾದರೂ ಆಗಬಹುದು ಎಂದು ಥೆರಪಿಸ್ಟ್ ಹೇಳಿದಳು. ಹಾಗೆಯೇ, ಚೆನ್ನಾಗಿ ಕಲಿತದ್ದನ್ನು ಹೊಸದಾಗಿ ಮರೆಯತೊಡಗಿದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತಿಳಿಸಿ ಎಂದೂ ಹೇಳಿದಳು. ಸ್ಟ್ಯಾಂಡರ್ಡ್ ಪದ್ಧತಿಯನ್ನು ಅವರು ಒಂದೂ ತಪ್ಪಿಲ್ಲದೆ ಆಡುತ್ತಿದ್ದರು. ಜಾಣ ವಿದ್ಯಾರ್ಥಿಯ ಹಾಗೆ, ಚಾವಣಿ ನೋಡದೆ.

ಮುಂದಿನ ಬೇಸಿಗೆಯ ಒಂದು ಶನಿವಾರ. ನಮ್ಮ ಹಳೆಯ ಆಟ ಬಲ್ಲ ವಯಸ್ಸಾದ ಅಕ್ಕತಂಗಿಯರಿಬ್ಬರು ಎದುರಾಳಿಗಳು. ನನ್ನ ಗಂಡ ಮರದ ಪಟ್ಟಿಯಲ್ಲಿ ಎಲೆ ಜೋಡಿಸಿಕೊಂಡು, ಸ್ವಲ್ಪ ಹೊತ್ತು ನೋಡಿ, ಬಿಡ್ ಇಟ್ಟರು. ಎರಡು ಡೈಮಂಡ್.

ನಾನು ನನ್ನ ಕೈ ನೋಡಿಕೊಂಡೆ. ಡೈಮಂಡಿನ ಎಕ್ಕ, ರಾಜ, ರಾಣಿ ಮೂರೂ ನನ್ನಲ್ಲೇ ಇದ್ದವು, ಮತ್ತೆರಡು ಸಣ್ಣವೂ ಸೇರಿ ಐದು. ಅವರ ಹತ್ತಿರ ಆರು ಡೈಮಂಡ್ ಇರುವುದು ಅಸಾಧ್ಯವೇನಲ್ಲ. ಆದರೆ ಇವು ಮೂರೂ ಇಲ್ಲದ ಡೈಮಂಡ್ ಹಿಡಿದು ಬಾಯಿ ಬಿಡುವ ಮನುಷ್ಯ ಅವರಲ್ಲ, ಇಷ್ಟು ವರ್ಷದಿಂದ ಬಲ್ಲೆ. ತಲೆಯೆತ್ತಿದೆ. ಅವರು ಚಾವಣಿ ನೋಡುತ್ತಿದ್ದರು.

ಅಕ್ಕ ಎನ್ನಿಸಿಕೊಂಡವರು ಬಿಡ್ ಇಡುವ ಮೊದಲು ನನ್ನ ಕಡೆ ತಿರುಗಿ, ಇದು ನಿಜವಾದ ಡೈಮಂಡೇ ತಾನೇ, ನಿಮ್ಮ ಹಳೆಯದಲ್ಲವಲ್ಲ ಎಂದು ಕೇಳಿದರು. ನಾನು ಹೇಳಬೇಕಾದದ್ದು ನನ್ನ ಊಹೆಯನ್ನಲ್ಲ, ನಾವು ಒಪ್ಪಿಕೊಂಡ ಅರ್ಥವನ್ನು. ಒಪ್ಪಿಕೊಂಡದ್ದು ಸ್ಟ್ಯಾಂಡರ್ಡ್. ಆರು ಡೈಮಂಡ್, ಬೇರೆ ದೊಡ್ಡದೇನಿಲ್ಲ ಎಂದೆ. ಅವರು ಥ್ಯಾಂಕ್ ಯೂ ಎಂದರು. ನನ್ನ ಗಂಡ ಚಾವಣಿಯಿಂದ ಕಣ್ಣು ಇಳಿಸಿ ನನ್ನನ್ನು ನೋಡಿದರು. ಅವರ ಬಿಡ್‌ಗೆ ನಾನು ಬೇರೆಯದೇ ಅರ್ಥ ಹೇಳುತ್ತಿದ್ದೆ, ಅವರು ಏನೂ ಹೇಳುವಂತಿರಲಿಲ್ಲ. ಆ ಗಳಿಗೆಯಲ್ಲಿ ನಿರರ್ಗಳವಾಗಿ ಮಾತಾಡಬಲ್ಲವರೂ ಸುಮ್ಮನೆ ಕೂರಬೇಕು. ಆ ನಿಯಮದ ಕೆಳಗೆ ಅವರು ಎಲ್ಲರ ಸಮಾನರಾಗಿದ್ದರು.

ನನ್ನ ಹತ್ತಿರ ನಾಲ್ಕು ಇಸ್ಪೀಟ್ ಇದ್ದವು. ಜೋಡಿ ಬಾಳೆಹಣ್ಣಾಗಿದ್ದರೆ ನಾನು ಎರಡು ಇಸ್ಪೀಟ್ ಇಡಬೇಕು: ಕೇಳಿಸಿತು, ಇದನ್ನು ಆರಿಸಿಕೊಂಡೆ ಎಂದು. ನನ್ನ ಬೆರಳು ಆ ಕಾರ್ಡಿನವರೆಗೂ ಹೋಯಿತು. ಆದರೆ ಬಿಟ್ಟೆವೆಂದು ಈಗಷ್ಟೇ ಹೇಳಿದ ಭಾಷೆಯಲ್ಲಿ, ಎದುರಾಳಿಗಳಿಗೆ ತಿಳಿಯದಂತೆ ಗಂಡನಿಗೆ ಉತ್ತರ ಕೊಟ್ಟರೆ ಅದು ಮೋಸ. ಯಾರೂ ಹಿಡಿಯುತ್ತಿರಲಿಲ್ಲ, ಹಿಡಿದರೂ ಕ್ಷಮಿಸುತ್ತಿದ್ದರು. ಆದರೆ ಮೊದಲು ಕ್ಷಮಿಸದೆ ಇರುತ್ತಿದ್ದವರು ನನ್ನ ಗಂಡನೇ. ಆಟದಲ್ಲಿ ಮೋಸ ಮಾಡುವವರ ಮನೆಯಲ್ಲಿ ನೀರು ಸಹ ಕುಡಿಯದ ಜಾತಿ. ನಾನು ಪಾಸ್ ಇಟ್ಟೆ. ಉಳಿದಿಬ್ಬರೂ ಪಾಸ್. ನನ್ನ ಗಂಡ ಡೈಮಂಡ್ ಆಡಬೇಕು. ನಾನು ನನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನಿರಬೇಕು; ಆಡದ ಜೊತೆಗಾರನ ಪಾಡು ಈ ಆಟದಲ್ಲಿ ಯಾವಾಗಲೂ ಅಷ್ಟೇ.

ಅವರು ನನ್ನ ಇಸ್ಪೀಟುಗಳನ್ನು ನೋಡಿದರು. ಎಡಗೈ ಚಾಚಿ ಅವುಗಳನ್ನೊಮ್ಮೆ ಮುಟ್ಟಿದರು. ಆಮೇಲೆ ಆಡತೊಡಗಿದರು. ಅವರ ಕೈಯಿಂದ ಒಂದೊಂದೇ ಎಲೆ ಬಿದ್ದಂತೆ ಗೊತ್ತಾಯಿತು: ಐದು ಆಟಿನ್, ಐದು ಇಸ್ಪೀಟ್, ಡೈಮಂಡ್ ಎರಡೇ ಎರಡು, ಅದೂ ಚಿಲ್ಲರೆ. ಅದನ್ನಿಟ್ಟುಕೊಂಡು ಆ ಹುಚ್ಚು ಕಾಂಟ್ರ್ಯಾಕ್ಟನ್ನು ಎಷ್ಟು ಚೆಂದ ಆಡಿದರೆಂದರೆ, ಎರಡರ ಬಿಡ್‌ಗೆ ಬೇಕಾದ ಎಂಟು ಸುತ್ತನ್ನೂ ಗೆದ್ದರು. ಅಕ್ಕತಂಗಿಯರು ಚಪ್ಪಾಳೆ ತಟ್ಟಿದರು. ತಂಗಿ ನನ್ನ ಮೊಣಕೈ ಮುಟ್ಟಿ, ಪಾಪ, ಮರೆತುಬಿಟ್ಟರು ಎಂದು ಮೆಲ್ಲಗೆ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಮರೆತರು ಎಂದು ಹೇಳಲು ನೀವು ಯಾರು ಎನ್ನಬೇಕೆನ್ನಿಸಿತು. ಮರೆತಿಲ್ಲ ಎಂದು ಹೇಳಲು ನಾನು ಯಾರು ಎಂದೂ ಅನ್ನಿಸಿತು.

ಕ್ಲಬ್ಬಿನ ಪಾರ್ಕಿಂಗಿನಲ್ಲಿ ಕಾರು ಹತ್ತಿಸಿ, ಬೆಲ್ಟ್ ಹಾಕಿ, ಕೋಲನ್ನು ಹಿಂದಿನ ಸೀಟಿಗೆ ಹಾಕಿದೆ. ಎಂಜಿನ್ ಶುರು ಮಾಡಲಿಲ್ಲ. ಬೇಕೆಂದೇ ಇಟ್ಟಿದ್ದರೆ ಅವರು ಇಷ್ಟು ದಿನ ಸಹಿಸಿಕೊಂಡಿದ್ದು ಅವತ್ತು ನನ್ನನ್ನು ಕರೆದಿದ್ದಾರೆ, ನಾನು ಎಲ್ಲರೆದುರು ಕೇಳಿಸಲಿಲ್ಲ ಎಂದಿದ್ದೇನೆ. ಹಾಗಾದರೆ ನಮ್ಮ ಪದ್ಧತಿಗೇ ಮರಳಬೇಕು, ಅವರು ದಿನವೆಲ್ಲ ಗೋಡೆ ಹತ್ತಿರ ನಿಂತರೂ ಸರಿ. ಮರೆತು ಇಟ್ಟಿದ್ದರೆ ಕಲಿತದ್ದು ಜಾರುತ್ತಿದೆ, ಸೋಮವಾರವೇ ಡಾಕ್ಟರಿಗೆ ಫೋನ್ ಮಾಡಬೇಕು. 

"ರೀ," ಎಂದೆ, "ಜೋಡಿ ಬಾಳೆಹಣ್ಣು ಬೇಕೂಂತಲೇ ಇಟ್ರಾ?"

ಅವರು ಹೌದೆಂದು ತಲೆಯಾಡಿಸಿದರು.

"ಇಲ್ಲಾ ಮರ್ತು ಇಟ್ರಾ?"

ಅದಕ್ಕೂ ಹೌದೆಂದು ತಲೆಯಾಡಿಸಿದರು. ಆಮೇಲೆ ಅದು ಸರಿಹೋಗಲಿಲ್ಲವೆಂದು ಅವರಿಗೇ ತಿಳಿಯಿತು. ಜೋರಾಗಿ ಅಡ್ಡಡ್ಡ ತಲೆಯಾಡಿಸಿದರು. ನನ್ನ ತೋಳು ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. ಅವರ ಕಣ್ಣಲ್ಲಿ ಉತ್ತರವಿತ್ತು, ಪೂರ್ತಿ ಉತ್ತರ, ಕಾರಣಗಳ ಸಮೇತ. ಅದು ಮೇಲೆದ್ದು ಬಾಯಿಯವರೆಗೆ ಬರುತ್ತಿರುವುದು ನನಗೆ ಕಾಣುತ್ತಿತ್ತು. ಎಡಗೈ ಡ್ಯಾಶ್‌ಬೋರ್ಡಿನ ಮೇಲೆ ತಾಳ ಹಾಕತೊಡಗಿತು, ನಾನೇ ಕಲಿಸಿದ ತಾಳ. ಬೇಡ, ಅದು ಬೇಡ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಫಿಫ್ಟೀನ್ ಟು ಸೆವೆಂಟೀನ್," ಎಂದರು.

ಒಂದಕ್ಷರವೂ ತಪ್ಪಿರಲಿಲ್ಲ. ಹೇಳಬೇಕಾದ್ದನ್ನು ಹೇಳಿ ಮುಗಿಸಿದವರ ಹಾಗೆ ಅವರು ನನ್ನ ಮುಖವನ್ನೇ ನೋಡುತ್ತ ಕಾದರು. ನಾನು ಥ್ಯಾಂಕ್ ಯೂ ಎಂದೆ.